ಕೂಳೆ ಸುಡುವುದರಲ್ಲಿ ನಾವು ಹೆಚ್ಚೋ, ಚೀನಾ ಹೆಚ್ಚೋ?

ನವೆಂಬರ್ ಬಂತೆಂದರೆ ಟಿ.ವಿ.ಯಲ್ಲಿ ದೆಹಲಿಯ ಹೊಗೆ, ನನ್ನ ಮೊಬೈಲಿನಲ್ಲಿ ಒಂದೇ ಪ್ರಶ್ನೆ: "ಕೂಳೆ ಸುಟ್ಟು ಹೆಚ್ಚು ನೈಟ್ರಸ್ ಆಕ್ಸೈಡ್ ಬಿಡುವವರು ನಾವೋ, ಚೀನಾದವರೋ?" ಅದು ಭೂಮಿಯ ಬಿಸಿ ಏರಿಸುವ ಅನಿಲ. ಬೇಸಾಯದಿಂದ ಹೊರಬೀಳುವ ಇಂಥ ಅನಿಲಗಳ ಲೆಕ್ಕ ಹಾಕುವುದು ನನ್ನ ವೃತ್ತಿ, ಹಾಗಾಗಿ ಕೇಳುವುದು ತಪ್ಪಲ್ಲ. ಆದರೆ ಕೇಳುವ ಧಾಟಿ ಸರಿಯಿಲ್ಲ. ಕ್ರಿಕೆಟ್ ಪಂದ್ಯದ ಫಲಿತಾಂಶ ಕೇಳಿದಂತೆ ಕೇಳುತ್ತಾರೆ. ವಿವರಣೆ ಶುರುವಾದ ಕೂಡಲೇ ಮಾತು ಬದಲಿಸುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಬರೆಯುತ್ತೇನೆ, ಪೂರ್ತಿ ಓದಿ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ದೇಶವಾರು ಲೆಕ್ಕದಲ್ಲಿ ಚೀನಾದ ಅಂಕಿಯೇ ದೊಡ್ಡದು. ಆದರೆ ಆ ಲೆಕ್ಕ ಬೆಂಕಿಯನ್ನು ಕಂಡೇ ಇಲ್ಲ. ಗೋಧಿ, ಭತ್ತ, ಮೆಕ್ಕೆಜೋಳ, ಕಬ್ಬು ಎಷ್ಟು ಹೆಕ್ಟೇರಿನಲ್ಲಿ ಕೊಯ್ಲಾಯಿತು ಎಂದು ಅದು ನೋಡುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಸುಡುತ್ತಾರೆ ಎಂದು ಹಿಡಿಯುತ್ತದೆ. ಹೆಕ್ಟೇರಿಗೆ ಗೋಧಿಯಾದರೆ 4 ಟನ್, ಭತ್ತವಾದರೆ 5.5, ಕಬ್ಬಾದರೆ 6.5, ಮೆಕ್ಕೆಜೋಳವಾದರೆ 10 ಟನ್ ಉರಿಯಿತು ಎಂದುಕೊಂಡು, ಪ್ರತಿ ಕಿಲೋಗೆ 0.07 ಗ್ರಾಂ ನೈಟ್ರಸ್ ಆಕ್ಸೈಡ್ ಎಂದು ಗುಣಿಸುತ್ತದೆ. ಪಂಜಾಬಿನ ಭತ್ತಕ್ಕೂ ಅದೇ ಹತ್ತನೇ ಒಂದು, ಚೀನಾದ ಹೈಲಾಂಗ್‌ಜಿಯಾಂಗ್‌ನ ಮೆಕ್ಕೆಜೋಳಕ್ಕೂ ಅದೇ. ಒಂದು ದೇಶ ಸುಡುವುದನ್ನೇ ಬಿಟ್ಟರೂ ಈ ಅಂಕಿ ಕದಲುವುದಿಲ್ಲ. ಮುಚ್ಚಿಟ್ಟ ವಿಷಯವೇನಲ್ಲ, ವಿಧಾನವನ್ನು ಆ ಸಂಸ್ಥೆಯೇ ಪ್ರಕಟಿಸಿದೆ. ಓದುವವರಿಲ್ಲ, ಅಷ್ಟೇ.

ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ಪರದೆಯ ಮೇಲೆ ಎರಡು ಕಂಬಗಳ ನಕ್ಷೆ ಮೂಡಿತು. ಚೀನಾದ್ದು ಕೆಂಪು, ಎತ್ತರ. ನಮ್ಮದು ಹಸಿರು, ಗಿಡ್ಡ. ಸಭೆ ಚಪ್ಪಾಳೆ ತಟ್ಟಿತು! ನನ್ನ ಸರದಿ ಬಂದಾಗ ಕೇಳಿದೆ: "ಕೆಂಪು ಕಂಬ ಏಕೆ ಎತ್ತರ?"

"ಅವರು ಹೆಚ್ಚು ಸುಡುತ್ತಾರೆ, ಸರ್."

ಅಲ್ಲ. ಅವರು ಹೆಚ್ಚು ಮೆಕ್ಕೆಜೋಳ ಬೆಳೆಯುತ್ತಾರೆ. ಅಲ್ಲಿ 4 ಕೋಟಿ ಹೆಕ್ಟೇರಿಗೂ ಮೀರಿ ಮೆಕ್ಕೆಜೋಳವಿದೆ, ನಮ್ಮಲ್ಲಿ 1 ಕೋಟಿಯ ಆಸುಪಾಸು. ಭತ್ತ, ಗೋಧಿ, ಕಬ್ಬು ಮೂರರಲ್ಲೂ ನಮ್ಮ ವಿಸ್ತೀರ್ಣವೇ ಹೆಚ್ಚು. ಆ ಚಪ್ಪಾಳೆ ಸಂದದ್ದು ಮೆಕ್ಕೆಜೋಳದ ಹೊಲದ ಅಳತೆಗೆ. ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಹಿಂದಿನ ಸಾಲಿನಲ್ಲಿ ಗಂಗಾವತಿ ಕಡೆಯ ಭತ್ತದ ರೈತರು ಕುಳಿತಿದ್ದರು. ಕಟಾವು ಯಂತ್ರ ಹೋದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲನ್ನು ಏನು ಮಾಡುವುದು ಎಂಬುದು ಅವರಿಗೆ ಪ್ರತಿ ಸುಗ್ಗಿಯ ಸಂಕಟ. ಅವರನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ಹೊಗೆಯ ಕೇಡು ದೊಡ್ಡದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಪಂಜಾಬಿನ ಮಕ್ಕಳ ಶ್ವಾಸಕೋಶಕ್ಕೆ ಇಳಿಯುವುದು ಸೂಕ್ಷ್ಮ ಕಣಗಳ ಮಸಿ. 2009ರ ಅಂತರ್ಜಲ ಕಾಯ್ದೆ ಅಲ್ಲಿ ಭತ್ತದ ನಾಟಿಯನ್ನು ಜೂನ್‌ಗೆ ತಳ್ಳಿತು, ಕೊಯ್ಲೂ ತಡವಾಯಿತು. ಗೋಧಿ ಬಿತ್ತಲು ಸಿಗುವುದು ಎರಡು ಮೂರು ವಾರ, ಆ ಅವಸರದಲ್ಲಿ ಬೆಂಕಿ ಬೀಳುತ್ತದೆ. ಈ ಸಂಕಟವನ್ನು ನೈಟ್ರಸ್ ಆಕ್ಸೈಡ್‌ನಲ್ಲಿ ಅಳೆಯಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ನೋಡಿ. ಒಂದು ಟನ್ ಹುಲ್ಲು ಸುಟ್ಟರೆ 70 ಗ್ರಾಂ. ಅದೇ ಹುಲ್ಲನ್ನು ಒಣಭೂಮಿಯ ಮಣ್ಣಿಗೆ ಸೇರಿಸಿದರೆ, ಕೊಳೆಯುವಾಗ ಅದರ ಸಾರಜನಕದಿಂದ ಹೊರಡುವುದು, ಇದೇ ಬಗೆಯ ಪ್ರಮಾಣಿತ ಲೆಕ್ಕದಂತೆ, ಅದಕ್ಕಿಂತ ತುಸು ಹೆಚ್ಚು. ಈ ಒಂದೇ ಅನಿಲವನ್ನು ನಂಬಿದರೆ ಸುಡುವುದೇ ಮೇಲು ಎಂದಾಗುತ್ತದೆ! ಮಸಿ, ಮಣ್ಣಿನ ಸತ್ವ, ಜನರ ಉಸಿರು ಯಾವುದೂ ಆ ಲೆಕ್ಕದೊಳಗಿಲ್ಲ.

ನೈಟ್ರಸ್ ಆಕ್ಸೈಡ್ ಬಗ್ಗೆ ನಿಜವಾದ ಕಾಳಜಿ ಇದ್ದರೆ, ಮತ್ತು ಇರಲೇಬೇಕು, ಏಕೆಂದರೆ ಅದು ಶತಮಾನಕ್ಕೂ ಹೆಚ್ಚು ಕಾಲ ವಾತಾವರಣದಲ್ಲಿ ಉಳಿದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಏರಿಸುತ್ತದೆ, ಯೂರಿಯಾ ಚೀಲದ ಬಗ್ಗೆ ಕೇಳಿ. 45 ಕಿಲೋ ಚೀಲದಲ್ಲಿ 20.7 ಕಿಲೋ ಸಾರಜನಕವಿದೆ. ಒಣ ಹೊಲದಲ್ಲಿ ಅದರ ನೂರನೇ ಒಂದು ಪಾಲು ಈ ಅನಿಲವಾಗುತ್ತದೆ ಎಂಬುದು ರೂಢಿಯ ಲೆಕ್ಕ. ಅಂದರೆ, ಅನಿಲದಲ್ಲಿ ಸೇರುವ ಆಮ್ಲಜನಕದ ತೂಕವೂ ಕೂಡಿ, ಚೀಲಕ್ಕೆ ಸುಮಾರು 325 ಗ್ರಾಂ. ಒಂದು ಎಕರೆ ಗೋಧಿ ಕೂಳೆ ಸುಟ್ಟರೆ ಬರುವುದು 113 ಗ್ರಾಂ. ಒಂದು ಚೀಲಕ್ಕೆ ಮೂರು ಎಕರೆಯ ಬೆಂಕಿ ಸಮ! ನೀರು ನಿಂತ ಭತ್ತದ ಗದ್ದೆಯಲ್ಲಿ ಈ ಪಾಲು ಕಡಿಮೆ, ಸಾವಿರಕ್ಕೆ ಮೂರರಷ್ಟು. ಹಾವೇರಿಯ ಮೆಕ್ಕೆಜೋಳಕ್ಕೆ ಆ ರಿಯಾಯಿತಿ ಇಲ್ಲ.

ಚೀನಾದೊಡನೆ ಹೋಲಿಸಲೇಬೇಕೆಂದರೆ ಇಲ್ಲಿ ಹೋಲಿಸಿ. 2015ರಲ್ಲಿ ಅವರು ರಾಸಾಯನಿಕ ಗೊಬ್ಬರದ ಬಳಕೆಯ ಏರಿಕೆಯನ್ನು 2020ರೊಳಗೆ ನಿಲ್ಲಿಸುವ ಯೋಜನೆ ಹಾಕಿದರು, ಬಳಕೆ ಇಳಿಯಿತು. ಅದೇ ವರ್ಷ ನಾವು ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯ ಮಾಡಿದೆವು. ಒಳ್ಳೆಯ ಕ್ರಮವೇ, ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದರೂ ನಮ್ಮ ಬಳಕೆ ಏರಿತು. ಯೂರಿಯಾ ಚೀಲ 300 ರೂಪಾಯಿಯೊಳಗೆ ಸಿಗುವಾಗ, ರಂಜಕದ ಗೊಬ್ಬರವಾದ ಡಿಎಪಿ ಸಾವಿರ ದಾಟಿರುವಾಗ, ರೈತ ಯಾವುದನ್ನು ಹೆಚ್ಚು ಎರಚಬೇಕು? ಅವನನ್ನು ದೂರುವ ಮೊದಲು ಬೆಲೆಯ ನೀತಿಯನ್ನು ದೂರಿ.

ಒಂದು ಕ್ವಿಂಟಲ್ ಧಾನ್ಯಕ್ಕೆ ನಮ್ಮ ಹೊಲಗಳು ಎಷ್ಟು ಸಾರಜನಕ ನುಂಗುತ್ತವೆ, ಅದರಲ್ಲಿ ಬೆಳೆಗೆ ದಕ್ಕುವುದೆಷ್ಟು, ಗಾಳಿಗೆ ಹೋಗುವುದೆಷ್ಟು? ಇದನ್ನು ಕೇಳಿಕೊಂಡು ಬರುವವರು ತಮ್ಮ ಮಣ್ಣು ಆರೋಗ್ಯ ಚೀಟಿಯನ್ನೂ ಹಿಡಿದು ಬನ್ನಿ. ಯಾವ ಹೊಲಕ್ಕೆ ಎಷ್ಟು ಚೀಲ ಕಡಿಮೆ ಮಾಡಬಹುದು ಎಂದು ಕೂತು ಲೆಕ್ಕ ಹಾಕೋಣ.