ಗಾಂಜಾ ಎಣ್ಣೆ ತಗೊಳ್ಳಬಹುದಾ ಅಂತ ಕೇಳುವವರಿಗೆ, ಆಸ್ಪತ್ರೆ ಫಾರ್ಮಸಿಯಿಂದ

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಕ್ಯಾನ್ಸರ್ ಮತ್ತು ನರರೋಗ ವಿಭಾಗಕ್ಕೆ ಬರುವವರು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ ಮೇಜಿನ ಮೇಲೆ ಇಡಿಸಿ, ಯಾವುದಕ್ಕೆ ಯಾವುದು ಆಗಿಬರಲ್ಲ ಅಂತ ನೋಡಿ ಡಾಕ್ಟರಿಗೆ ಹೇಳುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಆ ಮೇಜಿಗೆ ಒಂದು ಪುಟ್ಟ ಕಪ್ಪು ಬಾಟಲಿಯೂ ಬರುತ್ತಿದೆ. ಎಲ್ಲದಕ್ಕಿಂತ ಕೊನೆಗೆ, ಅದೂ ನಾವೇ ಕೇಳಿದರೆ ಮಾತ್ರ. ವಿಜಯಾ ಎಣ್ಣೆ, ಸಿಬಿಡಿ ಎಣ್ಣೆ ಅಂತಾರೆ, ಕೆಲವರು ನೇರವಾಗಿ ಗಾಂಜಾ ಎಣ್ಣೆ ಅಂತಲೇ ಹೇಳ್ತಾರೆ. ವಿಜಯಾ ಅನ್ನೋದು ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರು, ಸಿಬಿಡಿ ಅಂದರೆ ಆ ಗಿಡದಲ್ಲಿರುವ, ನಶೆ ಬರಿಸದ ಒಂದು ಅಂಶ.

"ಮೇಡಂ, ಇದು ಒಳ್ಳೇದಾ, ಕೆಟ್ಟದ್ದಾ?" ಅನ್ನೋದು ಎಲ್ಲರ ಪ್ರಶ್ನೆ. ಇಷ್ಟೇ ಕೇಳಿದರೆ ನನ್ನಿಂದ ಉತ್ತರ ಕೊಡೋಕಾಗಲ್ಲ. ಯಾವ ಕಾಯಿಲೆಗೆ, ಬಾಟಲಿಯೊಳಗೆ ಏನಿದೆ, ದಿನಕ್ಕೆ ಎಷ್ಟು, ಜೊತೆಗೆ ಬೇರೆ ಯಾವ ಮಾತ್ರೆ ನಡೀತಿದೆ, ಇಷ್ಟೂ ಗೊತ್ತಾಗಬೇಕು. ಇದರಲ್ಲಿ ಕೊನೆಯದನ್ನು ಎಣ್ಣೆ ಮಾರುವವರು ಕೇಳೋದು ಕಡಿಮೆ, ಕೊಳ್ಳುವವರು ಹೇಳೋದು ಇನ್ನೂ ಕಡಿಮೆ.

ಒಂದು ಉದಾಹರಣೆ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಶಿರಾ ಕಡೆಯ ಒಬ್ಬ ತಾಯಿ, ಮಗನಿಗೆ ಲೆನಾಕ್ಸ್-ಗಸ್ಟಾಟ್ ಅನ್ನುವ ಕಾಯಿಲೆ. ಸಾಮಾನ್ಯ ಮಾತ್ರೆಗೆ ಬಗ್ಗದ ಫಿಟ್ಸ್ ಅದು. ಹುಡುಗ ಸುಮಾರು 20 ಕೆಜಿ ಇದ್ದ, ಫಿಟ್ಸ್‌ಗೆ ವ್ಯಾಲ್‌ಪ್ರೋಯೇಟ್ ಮತ್ತು ಕ್ಲೋಬಜಾಮ್ ಮಾತ್ರೆ ನಡೀತಿತ್ತು. ಮಾತ್ರೆಗಳನ್ನೆಲ್ಲ ತೆಗೆದಿಟ್ಟ ಮೇಲೆ, "ಅಮ್ಮಾ, ಇದು ಬಿಟ್ಟು ಎಣ್ಣೆ, ಕಷಾಯ, ಯಾರಾದರೂ ಹೇಳಿದ್ದು, ಏನಾದರೂ ಕೊಡ್ತಿದ್ದೀರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕರ್ಚೀಫಿನಲ್ಲಿ ಸುತ್ತಿದ್ದ ಬಾಟಲಿ ತೆಗೆದು, "ಬೈಯಬೇಡಿ ಮೇಡಂ" ಅಂದರು. ಬೇರೊಂದು ಕಡೆ ಇದನ್ನು ತೋರಿಸಿದಾಗ ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿಸಿದ್ದರಂತೆ.

ಬಾಟಲಿ 30 ಎಂಎಲ್. ಲೇಬಲ್ ಮೇಲೆ ಸಿಬಿಡಿ 1000 ಎಂಜಿ ಅಂತಿತ್ತು. ಗಾಂಜಾದಲ್ಲಿ ನಶೆ ಬರಿಸುವ ಅಂಶ ಟಿಎಚ್‌ಸಿ, ಅದು ಎಷ್ಟಿದೆ ಅಂತ ಎಲ್ಲೂ ಬರೆದಿರಲಿಲ್ಲ. ಬೆಳಿಗ್ಗೆ ಐದು ಹನಿ, ರಾತ್ರಿ ಐದು ಹನಿ ಕೊಡ್ತಿದ್ದರು. ಒಂದು ಎಂಎಲ್‌ಗೆ ಸುಮಾರು 20 ಹನಿ ಅಂತ ಇಟ್ಟುಕೊಂಡರೆ ದಿನಕ್ಕೆ ಅರ್ಧ ಎಂಎಲ್, ಅಂದರೆ 17 ಎಂಜಿ ಆಸುಪಾಸು. ಈ ಕಾಯಿಲೆಗೆ ಸಂಶೋಧನೆಗಳಲ್ಲಿ ಕೊಟ್ಟು ನೋಡಿದ್ದು ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 20 ಎಂಜಿ. ಆ ಲೆಕ್ಕದಲ್ಲಿ ಈ ಹುಡುಗನಿಗೆ ಕಡಿಮೆ ಅಂದರೂ ದಿನಕ್ಕೆ 200 ಎಂಜಿ ಬೇಕು, ಅಂದರೆ ಒಂದು ಬಾಟಲಿ ಐದೇ ದಿನಕ್ಕೆ ಖಾಲಿ. "ಆದರೆ ಫಿಟ್ಸ್ ಕಮ್ಮಿ ಆಗಿದೆ ಮೇಡಂ" ಅಂದರು ತಾಯಿ. ನಿಜವೇ. ಓಪಿಡಿ ಪುಸ್ತಕ ತಿರುವಿ ನೋಡಿದರೆ, ಎಣ್ಣೆ ಶುರು ಮಾಡಿದ ಹೊತ್ತಿಗೇ ಡಾಕ್ಟರು ಕ್ಲೋಬಜಾಮ್ ಡೋಸನ್ನೂ ಜಾಸ್ತಿ ಮಾಡಿದ್ದರು. ಫಿಟ್ಸ್ ಇಳಿಸಿದ್ದು ಯಾವುದು? ಹುಡುಗ ಹಗಲೆಲ್ಲ ತೂಕಡಿಸುತ್ತಿದ್ದನಲ್ಲ, ಅದಕ್ಕೆ ಕಾರಣ ಜಾಸ್ತಿಯಾದ ಮಾತ್ರೆಯಾ, ಅಥವಾ ಲೇಬಲ್ಲಿನಲ್ಲಿ ಇಲ್ಲದ ಟಿಎಚ್‌ಸಿಯಾ?

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಲಿವರ್ ಟೆಸ್ಟ್ ಬರೆದರು, ಟಿಎಚ್‌ಸಿ ಎಷ್ಟಿದೆ ಅಂತ ಗೊತ್ತಿಲ್ಲದ ಆ ಎಣ್ಣೆ ಬೇಡ ಅಂದರು, ಕ್ಯಾಲೆಂಡರಿನಲ್ಲಿ ಪ್ರತಿ ಫಿಟ್ಸನ್ನೂ ಗುರುತು ಹಾಕಿ ಅಂದರು. ಎಣ್ಣೆ ನಿಂತ ಮೇಲೂ ಫಿಟ್ಸ್ ಮತ್ತೆ ಏರಲಿಲ್ಲ.

ಇಷ್ಟು ಕೇಳಿ ಸಿಬಿಡಿ ಸುಳ್ಳು ಅಂದುಕೊಳ್ಳಬೇಡಿ. ಅದರ ಗುಣಕ್ಕೆ ಗಟ್ಟಿ ಪುರಾವೆ ಇರುವುದು ಫಿಟ್ಸ್ ವಿಷಯದಲ್ಲೇ. ಡ್ರಾವೆ ಸಿಂಡ್ರೋಮ್ ಅಂದರೆ ಮಾತ್ರೆಗೆ ಸುಲಭವಾಗಿ ಬಗ್ಗದ ಇನ್ನೊಂದು ಥರದ ಫಿಟ್ಸ್ ಕಾಯಿಲೆ. ಅದು ಇರುವ 120 ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸಿಬಿಡಿ ಪಡೆದವರಲ್ಲಿ ತಿಂಗಳ ಫಿಟ್ಸ್ ಸಂಖ್ಯೆ 12.4ರಿಂದ 5.9ಕ್ಕೆ ಇಳಿಯಿತು. ಔಷಧಿ ಇಲ್ಲದ ಖಾಲಿ ದ್ರಾವಣ ಕೊಟ್ಟವರಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಮರುವರ್ಷ, 2018ರಲ್ಲಿ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶುದ್ಧ ಸಿಬಿಡಿಯ ಎಪಿಡಿಯೊಲೆಕ್ಸ್ ಅನ್ನುವ ಔಷಧಿಗೆ ಒಪ್ಪಿಗೆ ಕೊಟ್ಟಿತು, ಡ್ರಾವೆ ಮತ್ತು ಲೆನಾಕ್ಸ್-ಗಸ್ಟಾಟ್ ಎರಡಕ್ಕೂ. ಯಾವ ಮಾತ್ರೆಗೂ ಬಗ್ಗದ ಮಕ್ಕಳಲ್ಲಿ ಇಷ್ಟು ಇಳಿತ ಅಂದರೆ ದೊಡ್ಡ ವಿಷಯ. ಆದರೆ ಅದೇ ಔಷಧಿಯಿಂದ ಲಿವರ್ ಎನ್‌ಜೈಮ್ ಏರುತ್ತದೆ, ವ್ಯಾಲ್‌ಪ್ರೋಯೇಟ್ ಜೊತೆಗಿದ್ದರೆ ಇನ್ನೂ ಜಾಸ್ತಿ. ಕ್ಲೋಬಜಾಮ್ ಜೊತೆ ಕೊಟ್ಟರೆ, ಆ ಮಾತ್ರೆ ದೇಹದಲ್ಲಿ ಒಡೆದು ಬರುವ ಅಂಶ ರಕ್ತದಲ್ಲಿ ಕೆಲವು ಪಟ್ಟು ಏರಿ ಮಗು ಮಂಪರಿಗೆ ಹೋಗುತ್ತದೆ. ನೋಡಿ, ಆ ಹುಡುಗನಿಗೆ ನಡೀತಿದ್ದದ್ದು ಇದೇ ಎರಡು ಮಾತ್ರೆ. ತಾಯಿ ಯಾರದೋ ಮಾತು ಕೇಳಿ ಹನಿಗಳನ್ನು ಹತ್ತು ಪಟ್ಟು ಏರಿಸಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಭಯವಾಗುತ್ತದೆ.

ಲೇಬಲ್ ಬಗ್ಗೆಯೂ ಹೇಳಬೇಕು. ಅಮೆರಿಕದಲ್ಲಿ ಆನ್‌ಲೈನ್ ಸಿಗುವ 84 ಸಿಬಿಡಿ ಉತ್ಪನ್ನಗಳನ್ನು ಲ್ಯಾಬಿಗೆ ಹಾಕಿ ನೋಡಿದ ಅಧ್ಯಯನವೊಂದು 2017ರಲ್ಲೇ ಪ್ರಕಟವಾಯಿತು. ಲೇಬಲ್ ಸರಿಯಾಗಿದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಹಾಗಾಗಿ ನಾನು ಯಾರಿಗೇ ಆದರೂ ಹೇಳುವುದು, ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿ, ಕೊಡದಿದ್ದರೆ ವಾಪಸ್ ಕೊಟ್ಟುಬಿಡಿ.

ಕ್ಯಾನ್ಸರ್ ವಿಭಾಗದ ಕಥೆ ಬೇರೆ. ಕೀಮೋ ವಾಂತಿಗೆ ಗಾಂಜಾದಿಂದ ಪ್ರೇರಿತವಾದ ಔಷಧಿಗಳಿವೆ, ಡ್ರೊನಾಬಿನಾಲ್ ಮತ್ತು ನ್ಯಾಬಿಲೋನ್. ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಆಗ ಬೇರೆ ಒಳ್ಳೆಯ ಔಷಧಿ ಇರಲಿಲ್ಲ. ಈಗ ಒಂಡಾನ್ಸೆಟ್ರಾನ್, ಅಪ್ರೆಪಿಟಂಟ್, ಒಲಾನ್ಜಪಿನ್ ಎಲ್ಲ ಇದೆ. ಅವು ಕೆಲಸ ಮಾಡದಿದ್ದಾಗ ಮಾತ್ರ ಇವುಗಳ ಮಾತು. ನೋವಿನ ವಿಷಯದಲ್ಲಿ ತಜ್ಞರಲ್ಲೇ ಒಮ್ಮತ ಇಲ್ಲ. 2017ರ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ವರದಿ ದೊಡ್ಡವರ ದೀರ್ಘಕಾಲದ ನೋವಿಗೆ ಪ್ರಯೋಜನ ಇದೆ ಅಂದಿತು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಪುರಾವೆ ಸಾಲದು, ನಾವು ಶಿಫಾರಸು ಮಾಡಲ್ಲ ಅಂದಿತು. ನನ್ನ ಬೇಸರ ಏನಂದರೆ, ಮಾರ್ಫಿನ್ ಅಂದರೆ ಹೆದರಿ ಓಡುವ ಮನೆಯವರು ಸಾವಿರಾರು ರೂಪಾಯಿ ಕೊಟ್ಟು ಎಣ್ಣೆ ತರುತ್ತಾರೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆಯ ಮೇಲೆ ಇರುವಷ್ಟು ಅನುಭವ ಈ ಎಣ್ಣೆಯ ಮೇಲೆ ಇಲ್ಲ, ಮಾರ್ಫಿನ್ ಬೆಲೆಯೂ ಎಷ್ಟೋ ಕಮ್ಮಿ. ಡಾಕ್ಟರು ಬರೆದ ಹಾಗೆ ತೆಗೆದುಕೊಂಡರೆ ಅದಕ್ಕೆ ಅಷ್ಟು ಹೆದರಬೇಕಿಲ್ಲ.

ಗಡ್ಡೆಯನ್ನೇ ಕರಗಿಸುತ್ತೆ ಅಂತ ಹೇಳಿ ಮಾರುವವರೂ ಇದ್ದಾರೆ. ಲ್ಯಾಬಿನ ತಟ್ಟೆಯಲ್ಲಿ ಜೀವಕೋಶ ಸಾಯುವುದಕ್ಕೂ ಮನುಷ್ಯನ ಕ್ಯಾನ್ಸರ್ ವಾಸಿಯಾಗುವುದಕ್ಕೂ ತುಂಬ ದೂರ. ಎಣ್ಣೆ ನಂಬಿ ಕೀಮೋ ಬಿಟ್ಟು, ಕಾಯಿಲೆ ಹರಡಿದ ಮೇಲೆ ವಾಪಸ್ ಬಂದವರನ್ನು ನೋಡಿದ್ದೇನೆ. ಅದನ್ನು ನೋಡಿದವರಿಗೆ ಆ ಮಾರಾಟಗಾರರ ಮೇಲೆ ಸಿಟ್ಟು ಬರದೇ ಇರಲ್ಲ.

ವಯಸ್ಸಾದವರದ್ದು ಇನ್ನೊಂದು ಥರ. ಮಂಡಿನೋವಿಗೆ ಅಂತ ಮಗನೋ ಮಗಳೋ ವಿದೇಶದಿಂದ ಟಿಎಚ್‌ಸಿ ಇರುವ ಗಮ್ಮಿ, ಅಂದರೆ ಅಗಿದು ತಿನ್ನುವ ಮಿಠಾಯಿ, ತಂದಿರುತ್ತಾರೆ. ಟಿಎಚ್‌ಸಿ ತಿಂದರೆ ಪರಿಣಾಮ ಕಾಣೋಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲ ಅಂತ ಇನ್ನೊಂದು ತಿಂತಾರೆ, ಆಮೇಲೆ ಎರಡೂ ಒಟ್ಟಿಗೇ ಏರುತ್ತದೆ. ಎದೆ ಡವಡವ, ಎದ್ದು ನಿಂತರೆ ಬಿಪಿ ಇಳಿದು ತಲೆಸುತ್ತು. ಬಿಪಿ ಮಾತ್ರೆ ನುಂಗುವ ಅಜ್ಜಿ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರೆ ಸೊಂಟ ಮುರಿಯುತ್ತದೆ. ಮತ್ತೆ ಇನ್ನೊಂದು ಮಾತು, ವಿದೇಶದಿಂದ ಗಮ್ಮಿ ತರುವುದು ನಮ್ಮಲ್ಲಿ ಅಪರಾಧ. ಇಲ್ಲಿಂದ ದುಬೈಗೆ ಎಣ್ಣೆ ಒಯ್ಯುವುದೂ ಅಷ್ಟೇ ಅಪಾಯ.

ಹಾಗಾದರೆ ಇಲ್ಲಿ ಮಾರುವುದು ಹೇಗೆ ಅಂತೀರಾ? ಮಾದಕ ವಸ್ತುಗಳ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವಿನ ತುದಿ, ಚರಸ್ ಅಂದರೆ ಅಂಟು. ಬರೀ ಎಲೆ ಆ ವ್ಯಾಖ್ಯೆಯಲ್ಲಿ ಬರಲ್ಲ. ಹಾಗಾಗಿ ಲೈಸೆನ್ಸ್ ಇರುವ ಆಯುರ್ವೇದ ಕಂಪನಿಗಳು ಎಲೆಯಿಂದ ವಿಜಯಾ ಔಷಧಿ ಮಾಡುತ್ತವೆ, ವೈದ್ಯರ ಚೀಟಿ ಮೇಲೆ ಮಾರುತ್ತವೆ. ಕಾನೂನು ಒಪ್ಪಿದೆ ಅಂದ ಮಾತ್ರಕ್ಕೆ ನಿಮ್ಮ ಮಾತ್ರೆಗಳ ಜೊತೆ ಅದು ಹೊಂದುತ್ತದೆ ಅಂತಲ್ಲ.

ಟಿಎಚ್‌ಸಿ ಇರುವುದನ್ನು ಬಸುರಿಯರು, ಹಾಲುಣಿಸುವವರು, ಹರೆಯದ ಹುಡುಗರು, ಸ್ವಂತಕ್ಕೋ ಮನೆಯಲ್ಲೋ ಸ್ಕಿಜೋಫ್ರೀನಿಯಾ ಥರದ ಕಾಯಿಲೆ ಇರುವವರು ಮುಟ್ಟಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮನೆಯ ಕಾಯಿಲೆ ಬಗ್ಗೆ ಕೇಳಿದರೆ ಜನಕ್ಕೆ ಮುಜುಗರ. ಆದರೂ ಕೇಳ್ತೀನಿ, ರೂಮಿನಿಂದ ಉಳಿದವರನ್ನು ಹೊರಗೆ ಕಳಿಸಿ ಕೇಳ್ತೀನಿ.

ನಮ್ಮ ವಿಭಾಗದ ಫಾರಂನಲ್ಲಿ ಮೊದಲು "ಇತರೆ ಔಷಧಿ: ಇದೆ / ಇಲ್ಲ" ಅಂತಿತ್ತು. ಎಲ್ಲರೂ ಇಲ್ಲ ಅಂತಲೇ ಹೇಳ್ತಿದ್ದರು. ಈಗ ಕಷಾಯ, ಲೇಹ್ಯ, ಎಣ್ಣೆ, ಗಮ್ಮಿ, ಭಂಗಿ ಅಂತ ಒಂದೊಂದನ್ನೇ ಓದಿ ಹೇಳಿ, "ಇದರಲ್ಲಿ ಯಾವುದು ನಡೀತಿದೆ?" ಅಂತ ಸಹಜವಾಗಿ ಕೇಳುತ್ತೇವೆ. ಜನ ಹೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕಲಿಸುವುದೇ ಇದನ್ನು. ಬಾಟಲಿ ಹೊರಗೆ ಬಂದಾಗ ಮುಖ ಸಿಂಡರಿಸಬೇಡಿ, ಲೇಬಲ್ ಫೋಟೋ ತೆಗೆದುಕೊಳ್ಳಿ, ಎಷ್ಟು ಹನಿ ಅಂತ ಬರೆದುಕೊಳ್ಳಿ.

ನೀವು ಅಥವಾ ಮನೆಯವರು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಬಾಟಲಿಯನ್ನೇ ಡಾಕ್ಟರ ಹತ್ತಿರ ತನ್ನಿ. ಫಿಟ್ಸ್‌ಗೆ ಕೊಡುತ್ತಿದ್ದರೆ ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಕಿಡ್ನಿ ಕಸಿ ಆಗಿ, ದೇಹ ಅದನ್ನು ತಿರಸ್ಕರಿಸದ ಹಾಗೆ ಕೊಡುವ ಟ್ಯಾಕ್ರೋಲಿಮಸ್ ನಡೀತಿದ್ದರೆ, ಅಥವಾ ರಕ್ತ ತೆಳು ಮಾಡುವ ವಾರ್ಫರಿನ್ ನಡೀತಿದ್ದರೆ, ಸಿಬಿಡಿಯಿಂದ ಆ ಔಷಧಿ ರಕ್ತದಲ್ಲಿ ಏರಬಹುದು. ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಟ್ಯಾಕ್ರೋಲಿಮಸ್ ಲೆವೆಲ್ಲೋ, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಟೆಸ್ಟೋ ಈ ವಾರವೇ ಮಾಡಿಸಿ.