ಭೂಮಿ ತಾಯಿಯ ಬಯಕೆ ಊಟ

ಶೀಗಿ ಹುಣ್ಣಿಮೆ ನಮ್ಮ ಕಡೆ ಭೂಮಿ ಹುಣ್ಣಿಮೆ. ಭೂಮಿ ತಾಯಿಗೆ ಸೀಮಂತ ಮಾಡುವ ಹಬ್ಬ. ಆ ಹೊತ್ತಿಗೆ ಭತ್ತ ಹೊಡೆಗೆ ಬಂದಿರುತ್ತದೆ. ತೆನೆ ಇನ್ನೂ ಎಲೆಯ ಒಳಗೇ ಅಡಗಿರುತ್ತದೆ, ಬುಡದ ಮೇಲೆ ಸಣ್ಣಗೆ ಉಬ್ಬಿದ್ದು ಮಾತ್ರ ಕಾಣುತ್ತದೆ. ಬಸುರಿಗೆ ಬಯಕೆ ಊಟ ಹಾಕುವುದಿಲ್ವಾ, ಹಾಗೇ ಗದ್ದೆಗೂ ಬಗೆಬಗೆ ಅಡುಗೆ ಮಾಡಿ ಬಡಿಸಬೇಕು. ದೇವಸ್ಥಾನ ಬೇಡ, ಪುರೋಹಿತರು ಬೇಡ. ಮನೆಯವರೇ ಎಲ್ಲ.

ನಮ್ಮೂರು ಸಾಗರ ತಾಲೂಕಿನ ತುಮರಿ ಕಡೆ, ಶರಾವತಿ ಹಿನ್ನೀರಿನ ಆಚೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಸಾಗರಕ್ಕೆ ಹೋಗಬೇಕು ಅಂದರೆ ಹೊಳೆ ದಾಟಬೇಕಿತ್ತು. ಸಂಜೆ ಲಾಂಚ್ ನಿಂತಿತು ಅಂದರೆ ಮುಗೀತು. ಓದುವ ವಯಸ್ಸಿನಲ್ಲಿ ಮಳೆ, ರಕ್ತ ಹೀರುವ ಉಂಬಳ, ಕರೆಂಟಿಲ್ಲದ ರಾತ್ರಿ ಬಿಟ್ಟರೆ ಇಲ್ಲಿ ಏನಿದೆ ಅನ್ನಿಸುತ್ತಿತ್ತು. ಶಿವಮೊಗ್ಗದಲ್ಲಿ ಕೆಲಸ ಸಿಕ್ಕ ಮೇಲೆ ದೀಪಾವಳಿಗೆ ಬಂದರೆ ಬಂದೆ, ಇಲ್ಲದಿದ್ದರೆ ಇಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಈಗ ಕೆಲಸ ಮುಗಿಸಿ ಹೊರಟರೂ ರಾತ್ರಿ ಊಟಕ್ಕೆ ಮನೆ ಸೇರಬಹುದು. ಆ ವರ್ಷ ಭೂಮಿ ಹುಣ್ಣಿಮೆಗೆ ಮೊದಲೇ ರಜೆ ಹಾಕಿ ಬಂದೆ.

ಹಬ್ಬದ ಹಿಂದಿನ ದಿನ ಅಮ್ಮ, ಚಿಕ್ಕಮ್ಮನ ಜೊತೆ ಸೊಪ್ಪು ಕೊಯ್ಯಲು ಹೋಗಿದ್ದೆ. ಇದನ್ನು ನಾನು ಎಷ್ಟು ಹೇಳಿದರೂ ಕಡಿಮೆ. ಹಿತ್ತಿಲ ಬೇಲಿಯಿಂದ ಶುರುವಾಗಿ ಗದ್ದೆ ಬದು, ಕಾಲುವೆ ಅಂಚು, ಬೆಟ್ಟದ ಬುಡದವರೆಗೂ ಹೋದೆವು. ಕೆಸು, ಒಂದೆಲಗ, ಚಗಟೆ, ಕನ್ನೆಕುಡಿ, ಕುಂಬಳದ ಕುಡಿ, ಹಾಗಲ ಕುಡಿ. ನನಗೆ ಬರೀ ಹಸಿರು ಕಾಣುವ ಕಡೆ ಚಿಕ್ಕಮ್ಮ ನಿಂತು ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಒಂದು ಎಲೆಯನ್ನು ಬೆರಳಲ್ಲಿ ತಿಕ್ಕಿ ನನ್ನ ಮೂಗಿಗೆ ಹಿಡಿದರು, ಇನ್ನೊಂದನ್ನು ಮುಟ್ಟಬೇಡ ಅಂದರು, ತುರಿಸುತ್ತದಂತೆ. ಬೆಟ್ಟದ ಕುಡಿಗಳೆಲ್ಲ ತಾಯಿಯ ಎಡೆಗೆ ಸೇರಬೇಕು, ಯಾವುದೂ ಕಳೆ ಅಲ್ಲ. ಇಷ್ಟು ವರ್ಷ ಚಪ್ಪಲಿ ಹಾಕಿಕೊಂಡು ದಾಟಿ ಹೋದ ಬದು ಅದು. ಬಗ್ಗಿ ನೋಡುವುದೇ ಪೂಜೆ ಅಂತ ನನಗೆ ಅಲ್ಲಿ ಅನ್ನಿಸಿತು.

ಬುಟ್ಟಿ ಆಗಲೇ ತಯಾರಾಗಿತ್ತು. ಮಹಾನವಮಿ ಹೊತ್ತಿಗೇ ಅಮ್ಮ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಚಿತ್ತಾರ ಬರೆದಿದ್ದರು. ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಹಚ್ಚಂಬಲಿ, ಅಂದರೆ ಬೆರಕೆ ಸೊಪ್ಪಿನ ಅಡುಗೆ, ತುಂಬುವ ಬುಟ್ಟಿ. ಬಿಳಿಗೆ ಅಕ್ಕಿ ಅರೆದದ್ದು, ಕಪ್ಪಿಗೆ ಕರಕಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಈ ಗೆರೆಗಳನ್ನು ಹೆಂಗಸರು ಕೈಯಿಂದ ಕೈಗೆ ಕಲಿಯುತ್ತಾ ಬಂದಿದ್ದಾರೆ. ಬುಟ್ಟಿಯ ಮೈ ದುಂಡಗೆ ತಿರುಗಿದರೂ ಅಮ್ಮ ಎಳೆದ ಗೆರೆ ಎಲ್ಲೂ ಸೊಟ್ಟಗಾಗಿರಲಿಲ್ಲ. ಒಂದು ಕಡೆ ಮಾತ್ರ ಹಳದಿ ಸ್ವಲ್ಪ ತೆಳುವಾಗಿತ್ತು. ಗುರಿಗೆ ಕಾಯಿ ಸಾಲಲಿಲ್ಲ ಅಂದರು.

ರಾತ್ರಿಯೆಲ್ಲ ಅಡುಗೆ. ಬೆರಕೆ ಸೊಪ್ಪು, ಅಮಟೆಕಾಯಿ, ಹೀರೆಕಾಯಿ, ಕಡುಬು, ಪಾಯಸ. ಗದ್ದೆಗೆ ಬೀರುವ ಚರಗಕ್ಕೆ ನಮ್ಮ ಮನೆಯಲ್ಲಿ ಉಪ್ಪು ಹಾಕುವುದಿಲ್ಲ. ಯಾರೂ ರುಚಿ ನೋಡುವುದಿಲ್ಲ, ಮೊದಲ ತುತ್ತು ತಾಯಿಗೇ.

ಬೆಳಕು ಹರಿಯುವ ಮೊದಲೇ ಅಪ್ಪ ಬುಟ್ಟಿ ಹೊತ್ತರು. ಮುಂದೆ ಒಬ್ಬರು ಬೆಳಕಿಗೆ ಹೊತ್ತಿಸಿದ ಸೂಡಿ ಹಿಡಿದು ನಡೆದರು. ಹಚ್ಚಂಬಲಿ, ಹಾಲಂಬಲಿ ಅಂತ ಕೂಗುತ್ತಾ, ಬಂದು ಉಂಡು ಹೋಗು ಅಂತ ತಾಯಿಯನ್ನು ಕರೆಯುತ್ತಾ, ಬದುವಿನ ಉದ್ದಕ್ಕೂ ಚರಗ ಬೀರುತ್ತಾ ಹೋದರು. ಪಕ್ಕದ ಗದ್ದೆಯಿಂದಲೂ ಕೂಗು, ಹೊಳೆ ಕಡೆಯಿಂದ ಇನ್ನೊಂದು ಕೂಗು. ಅಪ್ಪ ಮನೆಯಲ್ಲಿ ಜೋರಾಗಿ ಮಾತಾಡುವವರೇ ಅಲ್ಲ. ಆ ದನಿ ಕೇಳಿ ನನ್ನ ಮೈ ಜುಮ್ಮೆಂದಿತು, ಕಣ್ಣು ತುಂಬಿತು.

ಆಮೇಲೆ ಗದ್ದೆಯ ಮೂಲೆಯಲ್ಲಿ ಬಾಳೆಕಂದು ಕಟ್ಟಿ, ಭತ್ತದ ಬುಡಕ್ಕೆ ಹೊಸ ರವಿಕೆ ಕಣ ಉಡಿಸಿ, ಬಳೆ ಇಟ್ಟು, ಅಮ್ಮ ತಮ್ಮ ಕೊರಳಿನ ಸರವನ್ನೇ ತೆಗೆದು ಸಸಿಗೆ ಹಾಕಿದರು. ನಾನು ಒಂದು ಹೊಡೆಯನ್ನು ಮೆಲ್ಲಗೆ ಹಿಡಿದು ನೋಡಿದೆ. ಒಳಗೆ ತೆನೆ ಮೆತ್ತಗೆ ಕೈಗೆ ಸಿಕ್ಕಿತು. ಸುಮ್ನೆ ಕೈ ಮುಗಿದೆ, ಏನೂ ಕೇಳಿಕೊಳ್ಳಲಿಲ್ಲ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಇಟ್ಟರು. ಬೆಳೆ ತಿನ್ನುವ ಇಲಿಗೂ ಪಾಲು! ಒಂದು ಕಡುಬನ್ನು ಮಣ್ಣಲ್ಲಿ ಹೂತ ಮೇಲೆ ಎಲ್ಲರೂ ಅಲ್ಲೇ ಬದುವಿನ ಮೇಲೆ ಸಾಲಾಗಿ ಕೂತು ಉಂಡೆವು.

ಸೇತುವೆ ಮೇಲೆ ಸಿಗಂದೂರು ಚೌಡಮ್ಮನ ದರ್ಶನಕ್ಕೆ ಹೋಗುವ ಗಾಡಿಗಳು ಈಗ ಜಾಸ್ತಿ. ಒಳ್ಳೆಯದೇ, ಅಮ್ಮನನ್ನು ನಾವೂ ನಂಬಿದವರು. ಆದರೆ ಆ ರಸ್ತೆ ಪಕ್ಕದ ಗದ್ದೆಗಳಲ್ಲೂ ತಾಯಿ ಇದ್ದಾಳೆ. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟ ಆಗುತ್ತಿವೆ. ತೋಟದಲ್ಲೂ ಪೂಜೆ ಮಾಡುತ್ತಾರೆ, ತಪ್ಪೇನಿಲ್ಲ, ಆದರೆ ಹೊಡೆ ತುಂಬಿದ ಭತ್ತದ ಮುಂದೆ ನಿಂತ ಹಾಗೆ ಆಗುವುದಿಲ್ಲ. ನಮ್ಮ ಮನೆಯಲ್ಲೂ ಆ ಮಾತು ನಡೆದಿತ್ತು. ಕೆಳಗಿನ ತುಂಡನ್ನಾದರೂ ಗದ್ದೆಯಾಗೇ ಉಳಿಸೋಣ ಅಂತ ಅಪ್ಪನಿಗೆ ಹೇಳಿದೆ. ಆಗಲಿ, ನಾಟಿಗೆ ನೀನೂ ಬರಬೇಕು ಅಂದರು. ಬರುತ್ತೇನೆ ಅಂದಿದ್ದೇನೆ. ಮುಂದಿನ ಬುಟ್ಟಿಗೆ ಗುರಿಗೆ ಕಾಯಿ ಹುಡುಕಿ ತರುವುದೂ ನನ್ನ ಪಾಲಿನ ಕೆಲಸ.