ಜೂಲು ಇದ್ದರೆ ಸಿಂಹ, ಇಲ್ಲದಿದ್ದರೆ ಹುಲಿ

ಹೋದ ತಿಂಗಳು ರೈಸ್ ಮಿಲ್ ಮಾಲೀಕರೊಬ್ಬರು ಬಂದಿದ್ದರು. 25 ಕೆಜಿ ಅಕ್ಕಿ ಚೀಲಕ್ಕೆ ಹೊಸ ಲೋಗೋ ಬೇಕಂತೆ. "ಸಿಂಹ ಮಾರ್ಕ್ ಮೇಡಂ. ದೂರದಿಂದ ನೋಡಿದ್ರೂ ಗೊತ್ತಾಗ್ಬೇಕು" ಅಂದರು. ಮೂರು ದಿನ ಕೂತು, ಈಗಿನ ಫ್ಯಾಷನ್ನಿನ ಹಾಗೆ ನಾಲ್ಕೇ ಗೆರೆಯಲ್ಲಿ ಒಂದು ಮುಖ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಹುಲಿ ಯಾಕೆ ಹಾಕಿದ್ರಿ?"

ತಪ್ಪು ನನ್ನದೇ. ಜೂಲು ಕಮ್ಮಿ ಮಾಡಿದ್ದೆ.

ಅಪ್ಪ ಇದ್ದಿದ್ದರೆ ನಗುತ್ತಿದ್ದರು. ಅವರು ಹಾಸನದಲ್ಲಿ ಬೋರ್ಡ್ ಬರೆಯುತ್ತಿದ್ದರು. ತಗಡಿಗೆ ಪ್ರೈಮರ್ ಹೊಡೆದು, ಸೀಮೆಸುಣ್ಣ ಹಚ್ಚಿದ ದಾರ ಎಳೆದು ಗೆರೆ ಮಾಡಿಕೊಂಡು, ಎನಾಮಲ್ ಪೇಂಟಿನಲ್ಲಿ ಅಕ್ಷರ. ಯಾರಾದರೂ ಸಿಂಹ ಕೇಳಿದರೆ ಅವರ ಹತ್ತಿರ ಇದ್ದ ಮಾಡೆಲ್ ಒಂದು ರೂಪಾಯಿ ನಾಣ್ಯ. ಸಾರನಾಥದ ಅಶೋಕನ ಕಂಬದ ಸಿಂಹಗಳು ಅದರಲ್ಲಿವೆಯಲ್ಲ. ಇರುವುದು ನಾಲ್ಕು, ಕಾಣುವುದು ಮೂರು. ನೇರ ಮುಖ ಬೇಕಾದರೆ ನಡುವಿನದು, ಅಡ್ಡ ಮುಖ ಬೇಕಾದರೆ ಪಕ್ಕದ್ದು. ಎದೆಯ ತನಕ ಹೀಗೆ ಸಾಗುತ್ತಿತ್ತು. ಅಲ್ಲಿಂದ ಹಿಂದಕ್ಕೆ ಮಾಡೆಲ್ ನಮ್ಮ ಬೀದಿ ನಾಯಿ ಕೆಂಚ. ಕೊನೆಗೆ ಬಾಲದ ತುದಿಗೆ ಒಂದು ಕುಚ್ಚು. ಅಪ್ಪ ಬರೆದ ಸಿಂಹಗಳ ಸೊಂಟ ಎಲ್ಲ ಒಂದೇ ತರ ಇದ್ದವು.

ಅವರನ್ನು ದೂರುವ ಹಾಗೂ ಇಲ್ಲ. ನಮ್ಮ ಕಡೆ ಕಾಡಿನಲ್ಲಿ ಸಿಂಹ ಕಂಡವರು ಯಾರಿದ್ದಾರೆ? ಈ ದೇಶದಲ್ಲಿ ಅದು ಉಳಿದಿರುವುದು ಗುಜರಾತಿನ ಗಿರ್ ಸುತ್ತಮುತ್ತ ಮಾತ್ರ. 2025ರ ಗಣತಿಯಲ್ಲಿ 891. ನಮ್ಮ ಮಾತನ್ನೇ ನೋಡಿ. ಹುಲಿ, ಆನೆ, ಕರಡಿ, ನರಿ ಎಲ್ಲ ಮನೆಯ ಪದಗಳು. ಸಿಂಹ ಸಂಸ್ಕೃತದಿಂದ ಬಂದ ನೆಂಟ. ಅದನ್ನು ಸ್ವಲ್ಪ ಸವೆಸಿ ‘ಸಿಂಗ’ ಮಾಡಿಕೊಂಡೆವು, ಅಷ್ಟೇ. ಬಡವಾದರೂ ಹುಲ್ಲು ತಿನ್ನದ್ದು ಹುಲಿ. ಹುಲಿಕಲ್, ಹುಲಿಯೂರುದುರ್ಗ ಅಂತ ಊರಿಗೆ ಹೆಸರು ಕೊಟ್ಟಿದ್ದೂ ಹುಲಿ. ಸಿಂಹದ ಪಾಲಿಗೆ ಬಂದಿದ್ದು ದೊಡ್ಡವರ ಸಾಮಾನು: ಸಿಂಹಾಸನ, ಸಿಂಹದ್ವಾರ. ಪೇಪರಿನವರಿಗೆ ಒಂದು ಸಿಂಹಪಾಲು. ಅದು ಈಸೋಪನ ಕಥೆಯ ಪಾಲು. ಕೇಸರ ಅಂದರೆ ಜೂಲು, ಜೂಲು ಇರುವವನು ಕೇಸರಿ. ಆದರೆ ಕೇಸರಿ ಅಂದ ಕೂಡಲೇ ನನಗೆ ನೆನಪಾಗುವುದು ಭಾನುವಾರದ ಕೇಸರಿಬಾತ್.

ಈ ಹುಲಿ-ಸಿಂಹದ ಗೊಂದಲ ನನಗೆ ಮೊದಲು ಹತ್ತಿದ್ದು ಆರನೇ ಕ್ಲಾಸಿನಲ್ಲಿ, ಬೇಲೂರಿನಲ್ಲಿ. ಗೈಡ್ ಕಥೆ ಹೇಳುತ್ತಿದ್ದರು. ಮುನಿಗಳು "ಹೊಯ್ ಸಳ" ಅಂದರು, ಸಳ ಹುಲಿಯನ್ನು ಹೊಡೆದ, ಹೊಯ್ಸಳ ವಂಶ ಆಯಿತು. ತಲೆ ಎತ್ತಿ ನೋಡಿದರೆ ಕಲ್ಲಿನ ಪ್ರಾಣಿಗೆ ಸುರುಳಿ ಸುರುಳಿ ಜೂಲು! "ಸಾರ್, ಇದು ಸಿಂಹ ಅಲ್ವಾ?" ಅಂದೆ. "ಅದು ಹಂಗೇ ಕಣಮ್ಮ" ಅಂದು ಮುಂದೆ ಹೋದರು. ಆಮೇಲೆ ಗೊತ್ತಾಯಿತು, ಆ ಪ್ರಾಣಿಗೆ ಶಾರ್ದೂಲ ಅಂತಾರೆ. ಶಾರ್ದೂಲ ಅಂದರೆ ನಿಘಂಟಿನಲ್ಲಿ ಹುಲಿ, ಶಿಲ್ಪಿಗಳ ಕೈಯಲ್ಲಿ ಸಿಂಹದಂಥ ಒಂದು ಪ್ರಾಣಿ. ಹೊಯ್ಸಳರ ಈ ಲಾಂಛನ ಅವರ ರಾಜ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ನೆನಪಿಗೆ ಅನ್ನುವವರೂ ಇದ್ದಾರೆ. ಚೋಳರ ಗುರುತು ಹುಲಿ. ಹಾಗಾದರೆ ಪಟ್ಟೆ ಎಲ್ಲಿ ಹೋಯಿತು ಸ್ವಾಮಿ?

ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಶ್ರೀರಂಗಪಟ್ಟಣದ ಪದಕ. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಕಂಪನಿಯವರು ಯುದ್ಧ ಮಾಡಿದವರಿಗೆಲ್ಲ ಕೊಟ್ಟದ್ದು. ಬರ್ಮಿಂಗ್‌ಹ್ಯಾಮ್‌ನ ಸೋಹೋ ಟಂಕಸಾಲೆಯಲ್ಲಿ ಅಚ್ಚಾಯಿತು. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಸಿಪಾಯಿಗಳಿಗೆ ತವರ. ಅದರ ಮೇಲೆ ಬ್ರಿಟನ್ನಿನ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಇಲ್ಲಿಯ ತನಕ ಲೆಕ್ಕ ಸರಿ. ಆದರೆ ಹಿಂದಿನ ಬಾವುಟದಲ್ಲಿ ಅರಬ್ಬಿ ಅಕ್ಷರ ಇದೆ: ಅಸದುಲ್ಲಾಹ್ ಅಲ್-ಗಾಲಿಬ್. ದೇವರ ಸಿಂಹವೇ ಗೆಲ್ಲುವುದು ಅಂತ ಅರ್ಥ. ಇದೇ ಮಾತನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಬರೆಸುತ್ತಿದ್ದ, ಅದೂ ಅಕ್ಷರಗಳೇ ಸೇರಿ ಹುಲಿಯ ಮುಖ ಆಗುವ ಹಾಗೆ! ನೋಡಿದರೆ ಹುಲಿ, ಓದಿದರೆ ಸಿಂಹ. ಅವನ ಅಪ್ಪನ ಹೆಸರು ಹೈದರ್ ಅಂದರೂ ಸಿಂಹವೇ. ಗೆದ್ದವರು ಸೋತವನ ಘೋಷಣೆಯನ್ನೇ ಎತ್ತಿಕೊಂಡು ತಮ್ಮ ಸಿಂಹಕ್ಕೆ ಅಂಟಿಸಿದರು. ಲೋಗೋ ಕದಿಯುವ ಕೆಲಸ ಇವತ್ತಿನದಲ್ಲ ಬಿಡಿ.

ಅವರದ್ದೂ ಶುದ್ಧ ಸಿಂಹ ಅಂತ ತಿಳಿಯಬೇಡಿ. ಇಂಗ್ಲೆಂಡ್ ರಾಜರ ಗುರಾಣಿಯ ಮೂರು ಸಿಂಹ ನಡೆಯುತ್ತಾ ಮುಖ ನಮ್ಮ ಕಡೆ ತಿರುಗಿಸಿವೆ. ಅಂಥದ್ದನ್ನು ಫ್ರೆಂಚರ ಲಾಂಛನದ ಭಾಷೆಯಲ್ಲಿ ಚಿರತೆ ಅಂತಲೇ ಕರೆಯುತ್ತಾರೆ. ಹಿಂಗಾಲಲ್ಲಿ ನಿಂತು ಪಂಜ ಎತ್ತಿದರೆ ಮಾತ್ರ ಸಿಂಹ. ನಮ್ಮ ಆರ್‌ಸಿಬಿಯ ಸಿಂಹದ್ದು ಅದೇ ಭಂಗಿ. ಎದುರಾಳಿ ಚೆನ್ನೈನದ್ದೂ ಸಿಂಹ. ಒಂದೂ ಕಾಡುಸಿಂಹ ಇಲ್ಲದ ಎರಡು ರಾಜ್ಯಗಳು ಪ್ರತಿ ವರ್ಷ ಸಿಂಹ ಬಿಟ್ಟು ಕಾದಾಡುತ್ತವೆ.

ಕಾರಣ ಇಟ್ಟುಕೊಂಡು ಸಿಂಹ ಹಾಕಿದವರು ಫ್ರಾನ್ಸಿನ ಪೂಜೋ ಕಾರು ಕಂಪನಿಯವರು. 1858ರಲ್ಲಿ ಅವರು ಗುರುತು ನೋಂದಾಯಿಸಿದ್ದು ಕಾರಿಗಲ್ಲ, ಗರಗಸಕ್ಕೆ. ಹಲ್ಲು ಗಟ್ಟಿ, ಮೈ ಬಾಗುತ್ತೆ, ಕೊಯ್ಯುವುದು ಬೇಗ. ಸಿಂಹದ ಹಾಗೆ! ನಮ್ಮ ಮಿಲ್ಲಿನವರನ್ನು ಕೇಳಿದೆ, ಅಕ್ಕಿಗೂ ಸಿಂಹಕ್ಕೂ ಏನು ಸಂಬಂಧ ಸಾರ್? "ಪಕ್ಕದ ಮಿಲ್ಲಿನವರದ್ದು ಆನೆ ಇದೆ" ಅಂದರು.

ಮತ್ತೆ ಕೂತು ಬರೆದೆ. ಈ ಸಲ ಅಪ್ಪನ ಹಾಗೆ ನಾಣ್ಯ ಪಕ್ಕದಲ್ಲಿಟ್ಟುಕೊಂಡು ಜೂಲು ಧಾರಾಳವಾಗಿ ಹಾಕಿದೆ. ಚೀಲ ಪ್ರಿಂಟಾಗಿ ಮಿಲ್ಲಿಗೆ ಹೋಯಿತು. ಮೊನ್ನೆ ಮಾಲೀಕರಿಗೆ ಫೋನ್ ಮಾಡಿದಾಗ ಹಿಂದಿನಿಂದ ಹಮಾಲರೊಬ್ಬರ ದನಿ ಕೇಳಿಸಿತು. "ಅಣ್ಣಾ, ಹುಲಿ ಮಾರ್ಕ್ ಎಷ್ಟು ಮೂಟೆ ಹಾಕ್ಲಿ?"

ಮಾಲೀಕರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಬಾಕಿ ದುಡ್ಡು ಸೋಮವಾರ ಹಾಕ್ತೀನಿ ಮೇಡಂ" ಅಂದರು.